ಶ್ರೀ ಅಂದಾನಪ್ಪ ದೊಡ್ಡಮೇಟಿಯವರೂ ಕರ್ನಾಟಕ ಏಕೀಕರಣದ ಠರಾವೂ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಊರುಗಳ ಸದ್ಭಕ್ತರು ಇಂದು ಒಂದೇ ಜಿಲ್ಲೆಯ ನಿವಾಸಿಗಳು. ಜಾತ್ರೆಗೆ, ಸಂತೆಗೆ, ಬೀಗರ ಮನೆಗೆ ಒಬ್ಬರ ಊರಿಗೆ ಒಬ್ಬರು ಹೋಗಿ ಬರುವಾಗ, ನಡುವೆ ಹಿಂದೊಮ್ಮೆ ರಾಜ್ಯ ರಾಜ್ಯಗಳ ಗಡಿಗಳಿದ್ದುವೆಂಬ ನೆನಪು ಈಗ ಬಹುಮಟ್ಟಿಗೆ ಮಾಸಿಹೋಗಿದೆ. ಆ ಗಡಿಗಳು ತಾವಾಗಿ ಅಳಿದುವಲ್ಲ. ಅವುಗಳನ್ನು ಅಳಿಸಲು ಬೀದಿಯಲ್ಲಿ ಹೋರಾಡಿದವರು ಹಲವರು. ಕಾಯಿದೆಯ ಸಭೆಯಲ್ಲಿ ನಿಂತು ವಾದಿಸಿದವರು ಕೆಲವರು. ಈ ಎರಡನೆಯ ಬಗೆಯ ಸೇವೆಯಲ್ಲಿ ಅಗ್ರಗಣ್ಯರಾದವರು ನಮ್ಮ ನೆರೆಯ ರೋಣ ತಾಲೂಕಿನ ಜಕ್ಕಲಿಯ ಶ್ರೀ ಅಂದಾನಪ್ಪ ಜ್ಞಾನಪ್ಪ ದೊಡ್ಡಮೇಟಿಯವರು. ಅವರ ಕಾರ್ಯವನ್ನು ಈ ಸಂಪುಟದ ವಾಚಕರಿಗೆ ಅರಿಕೆ ಮಾಡುವುದೇ ಈ ಲೇಖನದ ಉದ್ದೇಶವು.

ಮೊದಲು ಅಂದಿನ ನಾಡಿನ ಸ್ಥಿತಿಯನ್ನು ನೋಡೋಣ. ಗದಗ-ಬೆಟಗೇರಿಯೂ ಮುಂಡರಗಿಯೂ ಬ್ರಿಟಿಷರ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದುವು. ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಲಿಗೆ ನಡೆದರೆ ಕೊಪ್ಪಳ ಸೀಮೆಯಲ್ಲಿ ನಿಜಾಮರ ಆಳಿಕೆ. ತೆಂಕಲಿಗೆ ತುಂಗಭದ್ರೆಯನ್ನು ದಾಟಿದರೆ ಹಡಗಲಿಯಲ್ಲಿ ಮದರಾಸು ಸರಕಾರ. ಎರಡು ದಿನದ ಬಂಡಿಯ ಹಾದಿಯೊಳಗೆ ಐದು ಆಳಿಕೆಗಳು! ಭಾಷೆಯೊಂದು, ಆಚಾರವೊಂದು, ಮಠಗಳ ಶಿಷ್ಯವರ್ಗವೊಂದು. ಆದರೆ ಕೋರ್ಟು ಬೇರೆ, ಕಂದಾಯ ಬೇರೆ, ಶಾಲೆಯ ಕ್ರಮ ಬೇರೆ. ಈ ಛಿದ್ರತೆಯ ನೋವನ್ನು ಉಂಡ ನಾಡಿನಿಂದಲೇ ಏಕೀಕರಣದ ಕೂಗು ಬಲವಾಗಿ ಎದ್ದಿತೆಂಬುದರಲ್ಲಿ ಅಚ್ಚರಿಯೇನೂ ಇಲ್ಲ. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಲಾದ ನಾಡಗೀತವನ್ನು ರಚಿಸಿದ ಹುಯಿಲಗೋಳ ನಾರಾಯಣರಾಯರು ಗದಗಿನವರೇ. ಅದೇ ವರ್ಷ ಅದೇ ಊರಿನಲ್ಲಿ ಕೂಡಿದ ಏಕೀಕರಣ ಪರಿಷತ್ತಿಗೆ ಹುಬ್ಬಳ್ಳಿಯ ಶ್ರೀ ಸಿದ್ದಪ್ಪ ಕಂಬಳಿಯವರು ಅಧ್ಯಕ್ಷರಾಗಿದ್ದರು.

೧೯೨೮ರ ನೆಹರೂ ವರದಿಯು ಕರ್ನಾಟಕದ ಬೇಡಿಕೆಯನ್ನು ಮನ್ನಿಸಿತ್ತು. ಆದರೆ ೧೯೩೫ರ ರಾಜ್ಯಾಡಳಿತ ಕಾಯಿದೆಯ ಪ್ರಕಾರ ೧೯೩೬ರಲ್ಲಿ ಸಿಂಧ ಮತ್ತು ಒರಿಸ್ಸಾ ಪ್ರಾಂತಗಳು ಪ್ರತ್ಯೇಕವಾದಾಗ ಕನ್ನಡಿಗರ ಕೈಗೆ ಏನೂ ಬರಲಿಲ್ಲ. ಅದೇ ಕಾಯಿದೆಯಂತೆ ೧೯೩೭ರಲ್ಲಿ ಚುನಾವಣೆಗಳಾಗಿ, ೧೭೫ ಸದಸ್ಯರ ಮುಂಬಯಿ ಶಾಸನಸಭೆಯು ಏರ್ಪಟ್ಟಿತು. ೧೯೦೮ರಲ್ಲಿ ಜನಿಸಿದ ದೊಡ್ಡಮೇಟಿಯವರು ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ ಆ ಸಭೆಯನ್ನು ಪ್ರವೇಶಿಸಿದರು. ಅಲ್ಲಿ ಗುಜರಾತಿ, ಮರಾಠಿ, ಕನ್ನಡ ಎಂಬ ಮೂರು ನಾಡುಗಳ ಪ್ರತಿನಿಧಿಗಳು ಕೂಡುತ್ತಿದ್ದರು. ಅವರಲ್ಲಿ ಕನ್ನಡಿಗರ ಸಂಖ್ಯೆಯೇ ಕಡಿಮೆ. ಕೇವಲ ತಮ್ಮ ಮತಗಳ ಬಲದಿಂದ ಅವರು ಯಾವ ಠರಾವನ್ನೂ ಗೆಲ್ಲಿಸುವಂತಿರಲಿಲ್ಲ. ಪರಭಾಷೆಯ ಸದಸ್ಯರ ಮನಸ್ಸನ್ನು ವಾದದಿಂದ ಒಲಿಸಿಕೊಳ್ಳುವುದೊಂದೇ ಮಾರ್ಗವಾಗಿತ್ತು.

೧೯೪೭ರಲ್ಲಿ, ಶ್ರೀ ಬಾಳಾಸಾಹೇಬ ಖೇರರು ಮುಖ್ಯಪ್ರಧಾನರಾಗಿದ್ದಾಗ, ದೊಡ್ಡಮೇಟಿಯವರು ಕರ್ನಾಟಕ ಏಕೀಕರಣದ ಗೊತ್ತುವಳಿಯನ್ನು ಮುಂಬಯಿ ಸಭೆಯ ಮುಂದಿಟ್ಟರು. ಸಭೆಯು ಅದನ್ನು ಅಂಗೀಕರಿಸಿತು. ಯಾವ ಪ್ರಾಂತದಿಂದ ಬಿಡುಗಡೆ ಬೇಕೋ ಆ ಪ್ರಾಂತದ ಸಭೆಯಿಂದಲೇ ಸಮ್ಮತಿಯನ್ನು ಪಡೆದುದು ಸಾಮಾನ್ಯ ಸಾಧನೆಯಲ್ಲ.

ಆದರೆ ಆ ಗೆಲುವಿನ ಮಿತಿಯನ್ನೂ ಹೇಳಲೇಬೇಕು. ಗದಗಿನ, ಮುಂಡರಗಿಯ ಪ್ರಜೆಗಳು ಆ ಸಭೆಗೆ ಪ್ರತಿನಿಧಿಗಳನ್ನು ಆರಿಸಿದ್ದರು. ಶಿರಹಟ್ಟಿಯ, ಲಕ್ಷ್ಮೇಶ್ವರದ ಪ್ರಜೆಗಳಿಗೆ ಆ ಅಧಿಕಾರವಿರಲಿಲ್ಲ. ಅವರು ಸಂಸ್ಥಾನಿಕರ ಪ್ರಜೆಗಳು. ಯಾರನ್ನು ಕೂಡಿಸಬೇಕೆಂದು ಠರಾವು ಹೇಳಿತೋ ಅವರಲ್ಲಿ ಅನೇಕರು ಆ ಸಭೆಯ ಬಾಗಿಲ ಹೊರಗೇ ಉಳಿದಿದ್ದರು. ೧೯೪೮ರ ಮಾರ್ಚಿಯಲ್ಲಿ ಸಾಂಗಲಿ, ಮಿರಜ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಈ ಕೊರತೆ ನೀಗಿತು. ಹೀಗೆ ನಮ್ಮ ನಾಲ್ಕೂ ಊರುಗಳು ಮೊದಲು ಒಂದಾದುದು ಕರ್ನಾಟಕದಲ್ಲಿ ಅಲ್ಲ, ಮುಂಬಯಿ ಪ್ರಾಂತದಲ್ಲಿ.

ಮುಂದೆ ನಿರಾಶೆಯ ಕಾಲವು. ೧೯೪೮ರಲ್ಲಿ ನೇಮಕವಾದ ದಾರ್ ಆಯೋಗವು ಭಾಷಾವಾರು ಪ್ರಾಂತಗಳು ಸದ್ಯಕ್ಕೆ ಬೇಡವೆಂದಿತು. ೧೯೪೯ರಲ್ಲಿ ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಇವರ ಸಮಿತಿಯು ಆಂಧ್ರವೊಂದನ್ನುಳಿದು ಮಿಕ್ಕವುಗಳನ್ನು ಮುಂದೂಡಿತು. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವಾದರೋ ತನ್ನ ೩ನೆಯ ಕಲಮಿನಲ್ಲಿ ರಾಜ್ಯಗಳ ಸೀಮೆಯನ್ನೂ ಹೆಸರನ್ನೂ ಮಾರ್ಪಡಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿತು. ರಾಜ್ಯದ ಸಭೆಯು ಅಭಿಪ್ರಾಯವನ್ನು ತಿಳಿಸಬಹುದು, ತೀರ್ಮಾನವು ದಿಲ್ಲಿಯದು. ತಮ್ಮ ಸಭೆಯು ಒಪ್ಪಿದ ಠರಾವು ಕಾಗದದಲ್ಲಿಯೇ ಉಳಿದಾಗ ಸದಸ್ಯನಾದವನು ಮಾಡಬೇಕಾದುದೇನು?

೧೯೫೨ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಪ್ರಾಣವನ್ನು ಬಿಟ್ಟರು. ಕೂಡಲೇ ಆಂಧ್ರರಾಜ್ಯದ ಘೋಷಣೆಯಾಯಿತು. ವಾದಕ್ಕೆ ಕದಲದ ಸರಕಾರವು ಮರಣಕ್ಕೆ ಕದಲಿತೆಂಬುದನ್ನು ಕನ್ನಡಿಗರು ಕಂಡರು. ೧೯೫೩ರಲ್ಲಿ ದೊಡ್ಡಮೇಟಿಯವರು ಶಾಸನಸಭೆಯ ಸದಸ್ಯತ್ವಕ್ಕೆ ರಾಜೀನಾಮೆಯಿತ್ತು ಜಕ್ಕಲಿಯಲ್ಲಿ ಉಪವಾಸಕ್ಕೆ ಕುಳಿತರು. ಅದೇ ವರ್ಷ ಅದರಗುಂಚಿಯ ಶಂಕರಗೌಡರೂ ಉಪವಾಸವನ್ನು ಕೈಕೊಂಡರು. ಹುಬ್ಬಳ್ಳಿಯಲ್ಲಿ ಜನರ ಕ್ಷೋಭೆಯು ಉಕ್ಕಿತು. ಆ ವರ್ಷದ ಕೊನೆಗೆ ಫಜಲ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. ಅದರ ವರದಿಯು ೧೯೫೫ರಲ್ಲಿ ಬಂದಿತು. ೧೯೫೬ರಲ್ಲಿ ಪುನರ್ವಿಂಗಡಣಾ ಕಾಯಿದೆಯೂ ಸಂವಿಧಾನದ ೭ನೆಯ ತಿದ್ದುಪಡಿಯೂ ಆಗಿ, ನವೆಂಬರ ೧ರಂದು ಧಾರವಾಡ ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಮುಂಡರಗಿಗೆ ಕೊಪ್ಪಳವೂ ಹಡಗಲಿಯೂ ಪರರಾಜ್ಯವಾಗಿ ಉಳಿಯಲಿಲ್ಲ.

ನಾಡು ಒಂದಾಯಿತು, ಹೆಸರು ಮಾತ್ರ ಮೈಸೂರೆಂದೇ ಉಳಿಯಿತು. ಸಭಾತ್ಯಾಗ ಮಾಡಿದ್ದ ದೊಡ್ಡಮೇಟಿಯವರು ೧೯೫೭ರಲ್ಲಿ ರೋಣದಿಂದ ಆರಿಸಿ ಬಂದು ಮತ್ತೆ ಸಭೆಯಲ್ಲಿಯೇ ನಿಂತರು. ಅದೇ ವರ್ಷ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಬೇಕೆಂಬ ಗೊತ್ತುವಳಿಯನ್ನು ಮಂಡಿಸಿದರು. ಹಳೆಯ ಮೈಸೂರಿನವರಿಗೆ ತಮ್ಮ ಹೆಸರಿನ ಮೇಲಿದ್ದ ಮಮತೆಯು ಸಹಜವಾದುದು; ಸಭೆಯು ಆಗ ಒಪ್ಪಲಿಲ್ಲ. ೧೯೭೨ರ ಜುಲೈಯಲ್ಲಿ ಶ್ರೀ ದೇವರಾಜ ಅರಸರ ಸರಕಾರದ ಕಾಲಕ್ಕೆ ಸಭೆಯು ಅದೇ ಮಾತನ್ನು ಒಪ್ಪಿತು. ಸಂಸತ್ತಿನ ಕಾಯಿದೆಯಾಗಿ ೧೯೭೩ರ ನವೆಂಬರ ೧ರಿಂದ ಕರ್ನಾಟಕವೆಂಬ ಹೆಸರು ಜಾರಿಗೆ ಬಂದಿತು. ೧೯೭೨ರಲ್ಲಿಯೇ ಲಿಂಗೈಕ್ಯರಾದ ದೊಡ್ಡಮೇಟಿಯವರು ಆ ದಿನವನ್ನು ಕಾಣಲಿಲ್ಲ.

ಉಪವಾಸವು ದೊಡ್ಡದೋ ಠರಾವು ದೊಡ್ಡದೋ ಎಂದು ಕೆಲವರು ಕೇಳುವುದುಂಟು. ಉಪವಾಸವು ಆಳುವವರನ್ನು ಎಚ್ಚರಿಸಿತೆಂಬುದು ನಿಜ. ಆದರೆ ಗಡಿಯನ್ನು ಅಳಿಸಿದುದೂ ಹೆಸರನ್ನು ಬರೆದುದೂ ಕಾಯಿದೆಯೇ. ಇದನ್ನು ಬಲ್ಲವರಾದುದರಿಂದಲೇ ಅವರು ಬಿಟ್ಟ ಸಭೆಗೆ ಮರಳಿ ಬಂದು, ಸೋಲುವ ಮಾತನ್ನೂ ಕಡತದಲ್ಲಿ ಬರೆಯಿಸಿ ಹೋದರು. ಹದಿನೈದು ವರ್ಷ ತಡವಾದರೂ ಆ ಮಾತು ಫಲಿಸಿತು. ೧೯೯೭ರಲ್ಲಿ ಗದಗ ಜಿಲ್ಲೆಯು ಪ್ರತ್ಯೇಕವಾಗಿ, ಜಕ್ಕಲಿಯೂ ನಮ್ಮ ನಾಲ್ಕು ಊರುಗಳೂ ಅದರಲ್ಲಿ ಸೇರಿದುವು. ಇಂದು ಲಕ್ಷ್ಮೇಶ್ವರದಿಂದ ಗದಗಿಗೆ ಬರುವ ಭಕ್ತನಿಗೆ ದಾರಿಯಲ್ಲಿ ಯಾವ ಗಡಿಯೂ ಎದುರಾಗುವುದಿಲ್ಲ. ಆ ನಿರ್ವಿಘ್ನವಾದ ದಾರಿಯನ್ನು ತುಳಿಯುವಾಗ, ಅದನ್ನು ತೆರೆದವರಲ್ಲಿ ಒಬ್ಬರಾದ ಈ ಹಿರಿಯರನ್ನು ಒಮ್ಮೆ ನೆನೆಯುವುದು ನಮ್ಮ ಋಣವಾಗಿದೆ.