ಕಚೇರಿ ರಾಜಕಾರಣ: ಆಟದಲ್ಲಿ ಕಲಿಯುವ ನೀತಿಪಾಠ

ಸಹೋದ್ಯೋಗಿಯೊಬ್ಬರು ತಿಂಗಳುಗಳಿಂದ ಕೆಲಸಗಳ್ಳತನ ತೋರುತ್ತಿದ್ದಾರೆ. ಅವರ ಪಾಲಿನ ಹೊರೆಯೂ ಪಕ್ಕದ ಮೇಜಿಗೆ ಬರುತ್ತಿದೆ. ಮೇಲಧಿಕಾರಿಗೆ ದೂರು ನೀಡಬೇಕೆ, ನೇರವಾಗಿ ಅವರೊಡನೆಯೇ ಮಾತನಾಡಬೇಕೆ ಅಥವಾ ಸುಮ್ಮನಿರಬೇಕೆ? ದೂರಿದರೆ ಚಾಡಿಕೋರರೆಂಬ ಹೆಸರು ಬರುತ್ತದೆ, ಸುಮ್ಮನಿದ್ದರೆ ಹೊರೆ ಇಳಿಯುವುದಿಲ್ಲ. ಕಚೇರಿ ರಾಜಕಾರಣದ ಬೇರು ಇರುವುದು ಇಂತಹ ಸಣ್ಣ ಇಕ್ಕಟ್ಟುಗಳಲ್ಲಿ. ನಿಯಮಾವಳಿಯಲ್ಲಿ ಇವಕ್ಕೆ ಸಿದ್ಧ ಉತ್ತರ ದೊರೆಯುವುದು ಅಪರೂಪ. ನೌಕರರೇ ಚರ್ಚಿಸಿ ಉತ್ತರ ಹುಡುಕಲೆಂದು ಅಮೆರಿಕದ ಕೆಲವು ಸಂಸ್ಥೆಗಳು ಆಟದ ಮೊರೆ ಹೋದವು.

ಹಗರಣಗಳ ಹಿನ್ನೆಲೆ

ಆಟದ ಮೂಲಕ ನೀತಿ ಹೇಳುವುದು ಭಾರತಕ್ಕೆ ಹೊಸತಲ್ಲ. ಏಣಿಗಳಿಗೆ ಸದ್ಗುಣಗಳನ್ನೂ ಹಾವುಗಳಿಗೆ ದುರ್ಗುಣಗಳನ್ನೂ ಹೊಂದಿಸಿದ ಪರಮಪದ ಸೋಪಾನಪಟವೇ ಇಂದಿನ ಹಾವು-ಏಣಿ ಆಟದ ಮೂಲ. ಆದರೆ ಅಲ್ಲಿ ನಡೆಯನ್ನು ನಿರ್ಧರಿಸುವುದು ದಾಳ. ಕಚೇರಿಯ ಆಟದಲ್ಲಿ ನಿರ್ಧರಿಸುವುದು ಆಟಗಾರನ ಆಯ್ಕೆ.

1980ರ ದಶಕದ ಕೊನೆಯಲ್ಲಿ ಸಿಟಿಕಾರ್ಪ್ ಬ್ಯಾಂಕ್ 'ದಿ ವರ್ಕ್ ಎಥಿಕ್' ಎಂಬ ಆಟವನ್ನು ರೂಪಿಸಿತು. 1990ರ ದಶಕದ ಆರಂಭದಲ್ಲಿ ರಕ್ಷಣಾ ಸಾಮಗ್ರಿ ತಯಾರಿಕಾ ಸಂಸ್ಥೆ ಮಾರ್ಟಿನ್ ಮರಿಯೆಟಾ 'ಗ್ರೇ ಮ್ಯಾಟರ್ಸ್' ಆಟವನ್ನು ಬಳಕೆಗೆ ತಂದಿತು. ಸೇನೆಯಿಂದ ನಿವೃತ್ತರಾಗಿ ಸಂಸ್ಥೆಯ ನೀತಿ ವಿಭಾಗ ಸೇರಿದ್ದ ಜಾರ್ಜ್ ಸ್ಯಾಮೆಟ್ ಇದರ ರೂವಾರಿ. ಕಪ್ಪೂ ಅಲ್ಲದ, ಬಿಳಿಯೂ ಅಲ್ಲದ ಸಂದಿಗ್ಧಗಳನ್ನು ಆಟದ ಹೆಸರು ಸೂಚಿಸುತ್ತದೆ.

ಇದರ ಹಿಂದೆ ಕಾನೂನಿನ ಒತ್ತಡವೂ ಇತ್ತು. ವಿಮಾನ ತಯಾರಿಕಾ ಸಂಸ್ಥೆ ಲಾಕ್‌ಹೀಡ್ ವಿದೇಶಿ ಅಧಿಕಾರಿಗಳಿಗೆ ಲಂಚ ನೀಡಿದ್ದು 1970ರ ದಶಕದಲ್ಲಿ ಬಯಲಾಯಿತು. 1977ರಲ್ಲಿ ಅಮೆರಿಕ ವಿದೇಶಿ ಭ್ರಷ್ಟಾಚಾರ ತಡೆ ಕಾಯ್ದೆಯನ್ನು ತಂದಿತು. 1991ರಲ್ಲಿ ಜಾರಿಗೆ ಬಂದ ಶಿಕ್ಷಾ ಮಾರ್ಗಸೂಚಿಯು, ತಪ್ಪು ತಡೆಯಲು ಪರಿಣಾಮಕಾರಿ ವ್ಯವಸ್ಥೆ ಇರಿಸಿಕೊಂಡ ಸಂಸ್ಥೆಗಳಿಗೆ ದಂಡದಲ್ಲಿ ರಿಯಾಯಿತಿ ಕಲ್ಪಿಸಿತು. ನೀತಿಬೋಧೆ ಹೀಗೆ ಹಣದ ಲೆಕ್ಕಕ್ಕೂ ಸೇರಿತು.

ಈಜಿಪ್ಟ್ ವಿಮಾನ ಮಾರಾಟ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡ ಲಾಕ್‌ಹೀಡ್ 1995ರಲ್ಲಿ 2 ಕೋಟಿ 48 ಲಕ್ಷ ಡಾಲರ್ ದಂಡ ತೆತ್ತಿತು. ಅದೇ ವರ್ಷ ಮಾರ್ಟಿನ್ ಮರಿಯೆಟಾದೊಡನೆ ವಿಲೀನಗೊಂಡು ಲಾಕ್‌ಹೀಡ್ ಮಾರ್ಟಿನ್ ಆಯಿತು. 1997ರಲ್ಲಿ ಈ ಸಂಸ್ಥೆ ಕಚೇರಿ ಬದುಕನ್ನು ಲೇವಡಿ ಮಾಡುವ 'ಡಿಲ್ಬರ್ಟ್' ವ್ಯಂಗ್ಯಚಿತ್ರದ ಪಾತ್ರಗಳನ್ನೇ ಬಳಸಿ 'ದಿ ಎಥಿಕ್ಸ್ ಚಾಲೆಂಜ್' ಆಟವನ್ನು ಹೊರತಂದಿತು.

ಆಡುವ ಬಗೆ

ನೌಕರರು ಸಣ್ಣ ತಂಡಗಳಾಗಿ ಕೂರುತ್ತಾರೆ. ಒಂದು ಪ್ರಸಂಗವನ್ನು ಓದಿ, ಮುಂದಿರುವ ಉತ್ತರಗಳಲ್ಲಿ ಒಂದನ್ನು ಚರ್ಚಿಸಿ ಆರಿಸುತ್ತಾರೆ. ಉತ್ತಮ ಆಯ್ಕೆಗೆ ಅಂಕ ಸೇರುತ್ತದೆ, ಕೆಟ್ಟ ಆಯ್ಕೆಗೆ ಕಳೆಯುತ್ತದೆ. ಡಿಲ್ಬರ್ಟ್ ಆಟದಲ್ಲಿ ಡಾಗ್‌ಬರ್ಟ್ ಎಂಬ ನಾಯಿಯ ಕುಚೋದ್ಯದ ಉತ್ತರವೂ ಇರುತ್ತದೆ. ನಗು ಬಂದಲ್ಲಿ ಬಿಗುಮಾನ ಸಡಿಲುತ್ತದೆ. ಅಂಕಕ್ಕಿಂತ ಮುಖ್ಯವಾದದ್ದು ಆಯ್ಕೆಗೆ ಮುನ್ನ ನಡೆಯುವ ವಾದ. ಒಬ್ಬರಿಗೆ ನಿಷ್ಠೆಯಾಗಿ ಕಂಡದ್ದು ಇನ್ನೊಬ್ಬರಿಗೆ ಮುಚ್ಚಿಹಾಕುವಿಕೆಯಾಗಿ ಕಾಣುವುದು ಆಗ ಗೊತ್ತಾಗುತ್ತದೆ.

ಮುಯ್ಯಿಗೆ ಮುಯ್ಯಿ

ಗಣಿತಜ್ಞರ ಆಟವೊಂದೂ ಇಲ್ಲಿ ದಾರಿ ತೋರುತ್ತದೆ. 1950ರಲ್ಲಿ ರ‍್ಯಾಂಡ್ ಸಂಸ್ಥೆಯ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ರೂಪಿಸಿದ ಆಟಕ್ಕೆ ಆಲ್ಬರ್ಟ್ ಟಕರ್ 'ಕೈದಿಗಳ ಇಕ್ಕಟ್ಟು' ಎಂಬ ರೂಪ ಕೊಟ್ಟರು. ಇಬ್ಬರೂ ಸಹಕರಿಸಿದರೆ ಇಬ್ಬರಿಗೂ ಹಿತ. ಆದರೆ ಒಬ್ಬನೇ ದ್ರೋಹ ಬಗೆದರೆ ಅವನಿಗೆ ಹೆಚ್ಚು ಲಾಭ. ಮಾಹಿತಿ ಹಂಚಿಕೊಳ್ಳುವುದೋ ಬಚ್ಚಿಡುವುದೋ ಎಂಬ ಕಚೇರಿಯ ಪ್ರಶ್ನೆಯೂ ಇದೇ ಬಗೆಯದು.

ಮಿಷಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಆಕ್ಸೆಲ್‌ರಾಡ್ ಈ ಆಟಕ್ಕೆ ಎರಡು ಕಂಪ್ಯೂಟರ್ ಪಂದ್ಯಾವಳಿ ನಡೆಸಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲನೆಯದಕ್ಕೆ 14, ಎರಡನೆಯದಕ್ಕೆ 62 ತಂತ್ರಗಳು ಬಂದವು. ಎರಡರಲ್ಲೂ ಗೆದ್ದದ್ದು ಅನತೋಲ್ ರ‍್ಯಾಪೊಪೋರ್ಟ್ ಕಳುಹಿಸಿದ ಸರಳ ತಂತ್ರ: ಮೊದಲು ಸಹಕರಿಸು, ಬಳಿಕ ಎದುರಾಳಿ ಮಾಡಿದ್ದನ್ನೇ ಮಾಡು. ಅದು ಯಾವ ಎದುರಾಳಿಗಿಂತಲೂ ಹೆಚ್ಚು ಅಂಕ ಗಳಿಸಲಾರದು. ಆದರೂ ಒಟ್ಟು ಲೆಕ್ಕದಲ್ಲಿ ಅದೇ ಮುಂದಿತ್ತು. ತಾನಾಗಿ ಕಾಲು ಕೆರೆಯದಿರುವುದು, ಅನ್ಯಾಯಕ್ಕೆ ಕೂಡಲೇ ಪ್ರತಿಕ್ರಿಯಿಸುವುದು, ತಿದ್ದಿಕೊಂಡವರನ್ನು ಕ್ಷಮಿಸುವುದು ಮತ್ತು ನಡವಳಿಕೆ ಸ್ಪಷ್ಟವಾಗಿರುವುದು ಅದರ ಬಲ.

ಈ ಸೂತ್ರ ಹೆಚ್ಚು ಹೊಂದುವುದು ಮತ್ತೆ ಮತ್ತೆ ಮುಖಾಮುಖಿಯಾಗುವ ಸಮಾನರ ನಡುವೆ. ಬಡ್ತಿ, ವರ್ಗಾವಣೆಗಳನ್ನು ಕೈಯಲ್ಲಿಟ್ಟುಕೊಂಡ ಮೇಲಧಿಕಾರಿಯೆದುರು ಮುಯ್ಯಿ ತೀರಿಸುವುದು ಸುಲಭವಲ್ಲ. ತಪ್ಪು ಗ್ರಹಿಕೆಯಿಂದ ಆರಂಭವಾದ ಪ್ರತೀಕಾರ ಕೊನೆಯಿಲ್ಲದ ಜಗಳವಾಗುವ ಅಪಾಯವೂ ಇದೆ.

ಆಟಕ್ಕೂ ಮಿತಿಯುಂಟು

ಆಟದಲ್ಲಿ ಸರಿಯುತ್ತರ ಆರಿಸುವುದಕ್ಕೆ ಬೆಲೆ ತೆರಬೇಕಿಲ್ಲ, ಕಚೇರಿಯಲ್ಲಿ ತೆರಬೇಕಾದೀತು. 2001ರಲ್ಲಿ ದಿವಾಳಿಯಾದ ಎನ್ರಾನ್ ಬಳಿ 64 ಪುಟಗಳ ನೀತಿಸಂಹಿತೆಯಿತ್ತು. ಮೇಲಿನವರು ಪಾಲಿಸದ ನೀತಿಯನ್ನು ಯಾವ ಆಟವೂ ಕೆಳಗಿನವರಿಗೆ ಕಲಿಸಲಾರದು.

ಎಲ್ಲ ಸಮಸ್ಯೆಗಳೂ ಜಾಣ್ಮೆಯಿಂದ ಬಗೆಹರಿಯುವ ಇಕ್ಕಟ್ಟುಗಳಲ್ಲ. ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆಯಿದೆ. ಅದರಂತೆ 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಸಾಮಾನ್ಯವಾಗಿ ಘಟನೆ ನಡೆದ 3 ತಿಂಗಳೊಳಗೆ ದೂರು ಸಲ್ಲಿಸಬೇಕು. 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ಅಕ್ರಮಗಳನ್ನು ವರದಿ ಮಾಡುವ ವ್ಯವಸ್ಥೆಯನ್ನೂ ಹಾಗೆ ವರದಿ ಮಾಡಿದವರಿಗೆ ರಕ್ಷಣೆಯನ್ನೂ ಒದಗಿಸಬೇಕು.

ಮಾತಿನಲ್ಲಿ ಬಗೆಹರಿಯುವುದು ಯಾವುದು, ಲಿಖಿತ ದೂರಿಗೆ ಅರ್ಹವಾದುದು ಯಾವುದು ಎಂಬ ವಿವೇಕ ಮೂಡಿಸಿದರೆ ಆಟ ಸಾರ್ಥಕ.