ಸಮುದ್ರಕ್ಕೆ ಬೀಗ ಹಾಕುತ್ತಿದ್ದ ಊರುಗಳು: ಪಲಾವ್ ದ್ವೀಪದ ‘ಬುಲ್’ ಕಥೆ

ಪಲಾವ್ ಅಂದಕೂಡಲೇ ನಮಗೆ ಕುಕ್ಕರ್ ಸೀಟಿ ನೆನಪಾಗುತ್ತದೆ. ಆದರೆ ಆ ಹೆಸರಿನ ಒಂದು ದೇಶವೇ ಇದೆ. ಪೆಸಿಫಿಕ್ ಸಾಗರದ ಪಶ್ಚಿಮದ ಕಡೆ, ಫಿಲಿಪ್ಪೀನ್ಸ್‌ನಿಂದ ಪೂರ್ವಕ್ಕೆ, ಮುನ್ನೂರಕ್ಕೂ ಹೆಚ್ಚು ದ್ವೀಪಗಳ ನಾಡು. ಬಹುಪಾಲು ದ್ವೀಪಗಳಲ್ಲಿ ಜನವಸತಿಯೇ ಇಲ್ಲ. ಇಡೀ ದೇಶದ ಜನಸಂಖ್ಯೆ ಸುಮಾರು 18,000. ಅಲ್ಲಿಯವರು ತಮ್ಮ ನಾಡನ್ನು ಬೆಲಾವ್ ಅನ್ನುತ್ತಾರೆ.

ಗಂಡಸರು ಮೀನು ಹಿಡಿಯುವುದು, ಹೆಂಗಸರು ಕೆಸುವಿನ ಗದ್ದೆ ನೋಡಿಕೊಳ್ಳುವುದು ಅಲ್ಲಿನ ಹಳೆಯ ಪದ್ಧತಿ. ಹೆಂಗಸರ ಪಾಲು ಗದ್ದೆಗೇ ಮುಗಿಯಲಿಲ್ಲ ಎನ್ನುವುದನ್ನೂ ಹೇಳಬೇಕು. ಊರಿನ ಮುಖ್ಯಸ್ಥ ಯಾರಾಗಬೇಕು ಎಂದು ಆರಿಸುವವರು ಕುಲದ ಹಿರಿಯ ಹೆಂಗಸರು. ಆತ ಸರಿಯಿಲ್ಲದಿದ್ದರೆ ಇಳಿಸುವವರೂ ಅವರೇ.

ಈ ದ್ವೀಪಗಳ ಸುತ್ತ ಕೋಟೆಗೋಡೆಯ ಹಾಗೆ ಹವಳದ ದಿಬ್ಬಗಳಿವೆ. ಗೋಡೆಯ ಒಳಗಿನ ಸಮುದ್ರ ಕೆರೆಯಂತೆ ಶಾಂತ. ಹಿಂದಿನ ಕಾಲದಲ್ಲಿ ಯಾವ ಊರಿನ ಮುಂದೆ ಯಾವ ದಿಬ್ಬವಿದೆಯೋ ಅದು ಆ ಊರಿನದು. ಬೇರೆ ಊರಿನವರು ಅಲ್ಲಿ ಬಲೆ ಹಾಕಬೇಕಾದರೆ ಕೇಳಬೇಕಿತ್ತು. ಮೀನು ಕಡಿಮೆಯಾಗುತ್ತಿದೆ ಅನ್ನಿಸಿದರೆ ಊರಿನ ಮುಖ್ಯಸ್ಥರು ಕೂತು ಮಾತಾಡಿ, ಇಂಥ ಜಾಗದಲ್ಲಿ ಇಷ್ಟು ದಿನ ಯಾರೂ ಮೀನು ಹಿಡಿಯಕೂಡದು ಎಂದು ಸಾರುತ್ತಿದ್ದರು. ಈ ತಡೆಗೇ ‘ಬುಲ್’ ಎಂದು ಹೆಸರು. ಮುರಿದವರಿಗೆ ದಂಡ.

ತಡೆ ಹಾಕಬೇಕಾದರೆ ಯಾವಾಗ, ಎಲ್ಲಿ ಎಂಬುದು ಗೊತ್ತಿರಬೇಕಲ್ಲ? ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕರಾವಳಿಯಲ್ಲಿ ಮುರು ಅನ್ನುವ ಮೀನಿನ ಜಾತಿಯವು ಅಲ್ಲೂ ಇವೆ. ವರ್ಷವಿಡೀ ಒಂಟಿಯಾಗಿ ಬಿಲ ಕಾಯುವ ಈ ಮೀನು, ಮೊಟ್ಟೆ ಇಡುವ ತಿಂಗಳುಗಳಲ್ಲಿ ಅಮಾವಾಸ್ಯೆಯ ಆಸುಪಾಸು ಹವಳದ ಗೋಡೆಯ ಕಂಡಿಗಳಿಗೆ ಬಂದು ಗುಂಪು ಸೇರುತ್ತದೆ. ಪ್ರತಿ ವರ್ಷ ಅದೇ ಕಂಡಿಗಳಿಗೆ ಬರುತ್ತದೆ. 1970ರ ದಶಕದಲ್ಲಿ ರಾಬರ್ಟ್ ಜೊಹಾನ್ನೆಸ್ ಎಂಬ ವಿಜ್ಞಾನಿ ಪಲಾವ್‌ಗೆ ಹೋಗಿ ಮುದುಕ ಮೀನುಗಾರರ ಜತೆ ದೋಣಿಯಲ್ಲಿ ಕೂತು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡರು. ಯಾವ ಮೀನು ಯಾವ ತಿಂಗಳು, ಚಂದ್ರನ ಯಾವ ದಿನಕ್ಕೆ ಮೊಟ್ಟೆಗೆ ಬರುತ್ತದೆ ಎಂಬ ಲೆಕ್ಕ ಅದು. ಅಂದಿನ ವಿಜ್ಞಾನದ ಪುಸ್ತಕಗಳಲ್ಲಿ ಇದ್ದುದಕ್ಕಿಂತ ಹೆಚ್ಚಿನ ಮಾಹಿತಿ ಈ ಮುದುಕರ ತಲೆಯಲ್ಲಿತ್ತು. ಅವರ ಪುಸ್ತಕ 1981ರಲ್ಲಿ ಬಂತು. ಇಂತಿಷ್ಟು ಕಾಲ ಹಿಡಿಯಬಾರದು, ಇಂಥ ಜಾಗ ಮುಟ್ಟಬಾರದು ಎಂಬ ನಿಯಮಗಳನ್ನು ಪಶ್ಚಿಮದ ದೇಶಗಳು ಯೋಚಿಸುವ ಎಷ್ಟೋ ಕಾಲದ ಮೊದಲೇ ಪೆಸಿಫಿಕ್ ದ್ವೀಪಗಳ ಜನ ಪಾಲಿಸುತ್ತಿದ್ದರು ಎಂದೂ ಜೊಹಾನ್ನೆಸ್ ಬರೆದರು.

ಇದನ್ನು ಓದಿ ಹಳೆಯ ಕಾಲದವರೆಲ್ಲ ಸಂತರು ಎಂದುಕೊಳ್ಳಬೇಡಿ. ಮೀನು ಗುಂಪುಗೂಡುವ ದಿನ ಗೊತ್ತಿದ್ದವರು ಆ ದಿನವೇ ಹೋಗಿ ಹಿಡಿಯುತ್ತಲೂ ಇದ್ದರು. ಈಟಿ, ಸಣ್ಣ ದೋಣಿ, ತಿನ್ನುವುದಕ್ಕೆ ಊರಿನಷ್ಟೇ ಬಾಯಿ. ಮಿಕ್ಕಿದ್ದನ್ನು ಇಡಲು ಐಸ್ ಇರಲಿಲ್ಲ. ಹಾಗಾಗಿ ಸಮುದ್ರಕ್ಕೆ ಏಟು ಬೀಳಲಿಲ್ಲ.

ಏಟು ಬಿದ್ದದ್ದು ಆಳುವವರು ಬದಲಾದಾಗ. ಸ್ಪೇನ್ 1899ರಲ್ಲಿ ಈ ದ್ವೀಪಗಳನ್ನು ಜರ್ಮನಿಗೆ ಮಾರಿತು. 1914ರಲ್ಲಿ ಜಪಾನ್ ಬಂತು. ಜಪಾನ್ ಕಾಲದಲ್ಲಿ ಕೊರೋರ್ ಎಂಬ ಊರು ಪೆಸಿಫಿಕ್‌ನ ಅವರ ಆಡಳಿತಕ್ಕೆ ರಾಜಧಾನಿಯಾಯಿತು. ಓಕಿನಾವಾದ ಮೀನುಗಾರರು ಬಂದು ಟ್ಯೂನಾ ಹಿಡಿದರು, ಅದನ್ನು ಒಣಗಿಸಿ ಹೊಗೆಯಲ್ಲಿಟ್ಟು ಜಪಾನಿಗೆ ಕಳಿಸಿದರು. ಬರಬರುತ್ತ ಮೂಲನಿವಾಸಿಗಳಿಗಿಂತ ಹೊರಗಿನವರೇ ಹೆಚ್ಚಾದರು. ಊರಿನ ಮುಂದಿನ ಸಮುದ್ರದ ಮೇಲೆ ಊರಿನವರ ಮಾತು ನಡೆಯುವುದು ನಿಂತಿತು. ಕೇಳಿಕೊಂಡು ಬಲೆ ಹಾಕಬೇಕಾದ ಪದ್ಧತಿ ಹೋದ ಮೇಲೆ ಬುಲ್ ಸಾರುವುದು ಯಾರಿಗೆ?

ಯುದ್ಧದ ನಂತರ ಅಮೆರಿಕದ ಆಡಳಿತ. ಜತೆಗೆ ಔಟ್‌ಬೋರ್ಡ್ ಎಂಜಿನ್, ನೀರೊಳಗಿನ ಟಾರ್ಚ್, ಈಟಿ ಬಂದೂಕು, ಐಸ್ ಪೆಟ್ಟಿಗೆ, ಗುವಾಮ್‌ನ ಮಾರುಕಟ್ಟೆ ಎಲ್ಲವೂ ಬಂದವು. ಹಣೆ ಉಬ್ಬಿದ ದೊಡ್ಡ ಗಿಣಿಮೀನು ಒಂದಿದೆ, ಅಲ್ಲಿಯವರು ಅದಕ್ಕೆ ಕೆಮೆದುಕ್ಲ್ ಅನ್ನುತ್ತಾರೆ. ಹಗಲು ಹಿಂಡು ಹಿಂಡಾಗಿ ಹವಳ ಕಡಿದು ಮರಳು ಮಾಡುವ ಈ ಮೀನು ರಾತ್ರಿ ಹಿಂಡಾಗಿಯೇ ಮಲಗುತ್ತದೆ. ಟಾರ್ಚ್ ಬಿಟ್ಟರೆ ಮಲಗಿದಲ್ಲೇ ಹೊಡೆಯಬಹುದು. ಹೊಡೆದರು. 1980ರ ದಶಕದಲ್ಲಿ ಹಾಂಗ್‌ಕಾಂಗ್‌ನ ಹೋಟೆಲುಗಳಿಗೆ ಜೀವಂತ ಮೀನು ಒಯ್ಯುವ ವ್ಯಾಪಾರಿಗಳೂ ಬಂದರು. ಅವರಿಗೆ ಬೇಕಾದದ್ದು ಮುರು ಜಾತಿಯ ಮೀನೇ. ಗುಂಪು ಸೇರುವ ಕಂಡಿ ತೋರಿಸಿದರೆ ಸಾಕಿತ್ತು. ಅಜ್ಜಂದಿರ ಲೆಕ್ಕ ಕಾಯುವುದಕ್ಕೂ ಬಂತು, ದೋಚುವುದಕ್ಕೂ ಬಂತು.

1994ರಲ್ಲಿ ಉತ್ತರದ ತುದಿಯ ನ್ಗಾರ್ಚೆಲೊಂಗ್ ಮತ್ತು ಕಯಾಂಗೆಲ್ ಊರುಗಳ ಮುಖ್ಯಸ್ಥರು ಮತ್ತೆ ಬುಲ್ ಸಾರಿದರು. ಎಂಟು ಕಂಡಿಗಳು, ಮೊಟ್ಟೆ ಇಡುವ ತಿಂಗಳುಗಳು. ಅದೇ ವರ್ಷ ಬಂದ ಕಾನೂನು ಏಪ್ರಿಲ್‌ನಿಂದ ಜುಲೈವರೆಗೆ ಇಡೀ ದೇಶದಲ್ಲಿ ಮುರು ಜಾತಿಯ ಮೀನು ಹಿಡಿಯುವುದನ್ನು ನಿಲ್ಲಿಸಿತು. ಅಕ್ಟೋಬರ್ 1ಕ್ಕೆ ದೇಶ ಸ್ವತಂತ್ರವಾಯಿತು. ಆಮೇಲೆ ಕೆಮೆದುಕ್ಲ್ ಹಿಡಿಯುವುದೂ ನಿಂತಿತು.

ನಮಗೆ ಹೆಚ್ಚು ಹಿಡಿಸಿದ್ದು ಮುಂದಿನ ಹೆಜ್ಜೆ. 2003ರ ಕಾನೂನಿನಲ್ಲಿ ಊರುಗಳು ಕಾಯ್ದ ಜಾಗಗಳನ್ನೆಲ್ಲ ಒಂದು ಜಾಲಕ್ಕೆ ಸೇರಿಸಿದರು. 2009ರಿಂದ ದೇಶ ಬಿಟ್ಟು ಹೊರಡುವ ಪ್ರವಾಸಿಗರಿಂದ 15 ಡಾಲರ್ ಹಸಿರು ಶುಲ್ಕ ವಸೂಲಿ ಮಾಡಿ, ಆ ಹಣವನ್ನು ಕಾಯುವ ಕೆಲಸಕ್ಕೆ ಕೊಡಲು ಶುರುಮಾಡಿದರು. ಹಿಡಿಯದೆ ಬಿಟ್ಟವನ ಹೊಟ್ಟೆಪಾಡಿಗೆ ಯಾರಾದರೂ ಹಣ ಕೊಡಬೇಕು, ಬರೀ ಬೋರ್ಡ್ ನೆಟ್ಟರೆ ಆಗುವುದಿಲ್ಲ.

ಬಳಿಕ ಆಸೆ ದೊಡ್ಡದಾಯಿತು. ಅಧ್ಯಕ್ಷ ಟಾಮಿ ರೆಮೆಂಗೆಸೌ 2015ರಲ್ಲಿ ಸಹಿ ಹಾಕಿದ ಕಾನೂನಿನಂತೆ ದೇಶದ ಕಡಲ ಹಕ್ಕಿನ ವಲಯದಲ್ಲಿ ಶೇಕಡಾ 80 ಭಾಗ, ಅಂದರೆ ಸುಮಾರು 5 ಲಕ್ಷ ಚದರ ಕಿಲೋಮೀಟರ್, 2020ರ ಜನವರಿ 1ರಿಂದ ಪೂರ್ತಿ ಬಂದ್. ಕರ್ನಾಟಕದ ಎರಡೂವರೆ ಪಟ್ಟು ನೀರು! ಉಳಿದ ಶೇಕಡಾ 20ರಲ್ಲಿ ಸ್ಥಳೀಯ ಮಾರುಕಟ್ಟೆಗೆ ಟ್ಯೂನಾ ಹಿಡಿದು, ಹೋಟೆಲಿಗೆ ಅದನ್ನೇ ಕೊಟ್ಟು, ದಿಬ್ಬದ ಮೀನನ್ನು ಬಿಡಬೇಕು ಎಂಬುದು ಯೋಜನೆ. ಅದೇ 2015ರಲ್ಲಿ ಕದ್ದು ಮೀನು ಹಿಡಿದ ನಾಲ್ಕು ವಿಯೆಟ್ನಾಂ ದೋಣಿಗಳನ್ನು ಸಮುದ್ರದಲ್ಲೇ ಸುಟ್ಟು ಜಗತ್ತಿಗೆ ತೋರಿಸಿದರು.

ಇದನ್ನೂ ಅವರು ಬುಲ್ ಅಂತಲೇ ಕರೆದರು. ಅಲ್ಲೇ ನಮಗೆ ಅನುಮಾನ. ಊರಿನ ಕಂಡಿಗೆ ಬುಲ್ ಹಾಕಿದರೆ ಕದ್ದವನ ದೋಣಿ ದಡಕ್ಕೆ ಕಾಣುತ್ತದೆ, ಅವನ ಅಜ್ಜಿಯ ಹೆಸರೂ ಗೊತ್ತಿರುತ್ತದೆ. ಐದು ಲಕ್ಷ ಚದರ ಕಿಲೋಮೀಟರನ್ನು ಬೆರಳೆಣಿಕೆಯ ಗಸ್ತು ಹಡಗುಗಳು ಕಾಯಬೇಕು. ಮುರು ತನ್ನ ಕಂಡಿಗೇ ಬರುತ್ತದೆ, ಟ್ಯೂನಾ ಗಡಿ ನೋಡಿ ಈಜುವುದಿಲ್ಲ.

ಬಂದ್ ಆದ ಮೂರೇ ತಿಂಗಳಿಗೆ ಕೋವಿಡ್. ಪ್ರವಾಸಿಗರು ನಿಂತರು, ಶುಲ್ಕವೂ ನಿಂತಿತು. ವಿದೇಶಿ ಹಡಗುಗಳ ಪರವಾನಗಿ ಹಣ ಮೊದಲೇ ಕಡಿಮೆಯಾಗಿತ್ತು. 2021ರಲ್ಲಿ ಅಧ್ಯಕ್ಷರಾದ ಸುರಾಂಗೆಲ್ ವಿಪ್ಸ್, ಮುಚ್ಚಿದ ಭಾಗವನ್ನು ಕಡಿಮೆ ಮಾಡಬೇಕು ಎಂದು ವಾದಿಸಿದರು. ಕಾನೂನು ತಂದವರು ಒಪ್ಪಲಿಲ್ಲ. ದೊಡ್ಡ ಬೀಗದ ಜಗಳ ಹೀಗೆ ರಾಜಧಾನಿಗೆ ಹೋಗಿದೆ. ಉತ್ತರದ ಕಂಡಿಗಳದ್ದು ಮಾತ್ರ ಇನ್ನೂ ಅಮಾವಾಸ್ಯೆಯ ಲೆಕ್ಕ.