ಸಂಗ್ರಹ ಕಾರ್ಡುಗಳ ಉಡುಗೊರೆ: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬಸವಕಲ್ಯಾಣ/ಹುಮನಾಬಾದ್: ಹುಟ್ಟುಹಬ್ಬಕ್ಕೆ ಹೊಸ ಬಟ್ಟೆ, ಕಂಪಾಸ್ ಪೆಟ್ಟಿಗೆ ತರುತ್ತಿದ್ದ ಸೋದರಮಾವಂದಿರು ಈಗ ಪೋಕೆಮಾನ್ ಅಥವಾ ಕ್ರಿಕೆಟ್ ಕಾರ್ಡುಗಳ ಪೊಟ್ಟಣ ಹುಡುಕಬೇಕಾದ ಕಾಲ ಬಂದಿದೆ. ನೋಡಲು ಅಂಗೈಯಗಲದ ರಟ್ಟಿನ ತುಂಡು. ಆದರೆ ತಪ್ಪಾದುದನ್ನು ತಂದರೆ ಹಣವೂ ವ್ಯರ್ಥ, ಮಗುವಿನ ಮುಖವೂ ಬಾಡುತ್ತದೆ. ನಕಲಿ ಕಾರ್ಡನ್ನು ಶಾಲೆಯಲ್ಲಿ ಯಾರೂ ವಿನಿಮಯ ಮಾಡಿಕೊಳ್ಳುವುದಿಲ್ಲ. ಅದನ್ನು ತಂದ ಹುಡುಗನೇ ನಗೆಪಾಟಲಿಗೆ ಈಡಾಗುತ್ತಾನೆ.

ಎಲೆಗಳನ್ನು ಉಡುಗೊರೆಯಾಗಿ ನೀಡುವ ಪದ್ಧತಿ ಹೊಸದೇನಲ್ಲ. ಸಿಂಧ್‌ನ ಷಾ ಹುಸೇನ್ ಕೇಳಿಕೊಂಡಿದ್ದ ಗಂಜೀಫಾ ಎಲೆಗಳನ್ನು 1527ರಲ್ಲಿ ಕಳುಹಿಸಿಕೊಟ್ಟ ಸಂಗತಿಯನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಪಡೆಯುವವನು ಕೇಳಿದ್ದನ್ನೇ ಕಳುಹಿಸಿದ ಎಂಬುದು ಇಲ್ಲಿ ಗಮನಾರ್ಹ. ಇಂದಿನ ಮಕ್ಕಳ ವಿಷಯದಲ್ಲೂ ಮೊದಲ ಸೂತ್ರ ಇದೇ. ಪೋಕೆಮಾನ್ ಸಂಗ್ರಹಿಸುವ ಬಾಲಕನಿಗೆ ಕ್ರಿಕೆಟ್ ಕಾರ್ಡು ಕೊಟ್ಟರೆ ಅದು ಮೂಲೆ ಸೇರುತ್ತದೆ. ಮಗುವಿನ ತಾಯಿಯನ್ನು ವಿಚಾರಿಸುವುದು, ಸಾಧ್ಯವಾದರೆ ಕಾರ್ಡು ಜೋಡಿಸಿಟ್ಟ ಕಡತವನ್ನು ಒಮ್ಮೆ ತಿರುವಿ ನೋಡುವುದು ಉತ್ತಮ.

ಪೋಕೆಮಾನ್ ಕಾರ್ಡಿನಾಟ ಜಪಾನಿನಲ್ಲಿ 1996ರಲ್ಲಿ ಆರಂಭವಾಯಿತು. ಇಂಗ್ಲಿಷ್ ಆವೃತ್ತಿ ಅಮೆರಿಕದಲ್ಲಿ 1999ರಲ್ಲಿ ಹೊರಬಂತು. ಭಾರತದ ಮಕ್ಕಳಿಗೆ ಈ ಪಾತ್ರಗಳ ಪರಿಚಯವಾದದ್ದು 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯ ಮೂಲಕ. ಅದಕ್ಕೂ ಹಿಂದಿನ ಪೀಳಿಗೆ ಬಬಲ್ ಗಮ್ ಜೊತೆಗಿನ ಕ್ರಿಕೆಟ್ ಚಿತ್ರಗಳನ್ನೂ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳನ್ನೂ ಕೂಡಿಸಿಟ್ಟಿತ್ತು. ಆದ್ದರಿಂದ ಮಕ್ಕಳ ಈ ಹುಚ್ಚನ್ನು ಕಂಡು ಹುಬ್ಬೇರಿಸುವ ಅಪ್ಪಂದಿರು ತಮ್ಮ ಬಾಲ್ಯವನ್ನು ನೆನೆಯುವುದು ಒಳ್ಳೆಯದು.

ಪ್ರತಿ ಕಾರ್ಡಿನ ಕೆಳಅಂಚಿನಲ್ಲಿ ಅದರ ಜಾತಕವಿರುತ್ತದೆ. ಮೊದಲ ಇಂಗ್ಲಿಷ್ ಸರಣಿಯ ಪಿಕಾಚು ಮೇಲೆ 58/102 ಎಂದಿದೆ. ಅಂದರೆ 102 ಕಾರ್ಡುಗಳ ಸರಣಿಯಲ್ಲಿ 58ನೆಯದು. ಪಕ್ಕದಲ್ಲಿ ವೃತ್ತವಿದ್ದರೆ ಸಾಮಾನ್ಯ, ವಜ್ರಾಕೃತಿಯಿದ್ದರೆ ತುಸು ಅಪರೂಪ, ನಕ್ಷತ್ರವಿದ್ದರೆ ಅಪರೂಪ. ಮೊದಲ ಅಂಕಿಯೇ ಎರಡನೆಯದಕ್ಕಿಂತ ದೊಡ್ಡದಾಗಿದ್ದರೆ ಮುದ್ರಣದೋಷವೆಂದು ತಿಳಿಯಬಾರದು. ಅದು ಸರಣಿಯ ಲೆಕ್ಕಕ್ಕೆ ಹೊರತಾದ ಗುಪ್ತ ಕಾರ್ಡು.

ಅದೃಷ್ಟದ ಪೊಟ್ಟಣ

ಬೂಸ್ಟರ್ ಪ್ಯಾಕ್ ಎಂಬ ಮುಚ್ಚಿದ ಪೊಟ್ಟಣದಲ್ಲಿ ಯಾವ ಕಾರ್ಡು ಇದೆಯೆಂದು ಕೊಳ್ಳುವವರಿಗಾಗಲೀ ಮಾರುವವರಿಗಾಗಲೀ ಗೊತ್ತಿರುವುದಿಲ್ಲ. ಇಂಗ್ಲಿಷ್ ಪೊಟ್ಟಣದಲ್ಲಿ ಸಾಮಾನ್ಯವಾಗಿ 10 ಕಾರ್ಡು. ಅವುಗಳಲ್ಲಿ ಹೆಚ್ಚಿನವು ಮಗುವಿನ ಬಳಿ ಈಗಾಗಲೇ ಇರಬಹುದಾದ ಸಾಮಾನ್ಯ ಕಾರ್ಡುಗಳು. ಒಡೆಯುವ ಕ್ಷಣದ ಸಂಭ್ರಮವೇ ಇದರ ಬಂಡವಾಳ. ಆದರೆ 'ಇನ್ನೊಂದು ಪ್ಯಾಕ್' ಎಂಬ ಹಟವೂ ಅಲ್ಲಿಂದಲೇ ಹುಟ್ಟುತ್ತದೆ. ಲಾಟರಿಗೂ ಇದಕ್ಕೂ ಮನೋಧರ್ಮದಲ್ಲಿ ಬಹಳ ಅಂತರವಿಲ್ಲ. ಮಗುವಿಗೆ ನಿರ್ದಿಷ್ಟ ಕಾರ್ಡೊಂದೇ ಬೇಕಿದ್ದರೆ ಅದನ್ನೇ ಬಿಡಿಯಾಗಿ ಕೊಳ್ಳುವುದು ಹೆಚ್ಚಿನ ಸಂದರ್ಭಗಳಲ್ಲಿ ಅಗ್ಗ.

ಆಟ ಆರಂಭಿಸುವವರಿಗೆ ಪೊಟ್ಟಣಗಳಿಗಿಂತ ಸಿದ್ಧ ಡೆಕ್ ಮೇಲು. ನಿಯಮದಂತೆ ಆಡಲು ಒಬ್ಬೊಬ್ಬರಿಗೂ 60 ಕಾರ್ಡು ಬೇಕು. ಮೂಲ ಶಕ್ತಿ ಕಾರ್ಡುಗಳನ್ನು ಬಿಟ್ಟು ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚಿರುವಂತಿಲ್ಲ. 'ಬ್ಯಾಟಲ್ ಅಕಾಡೆಮಿ' ಪೆಟ್ಟಿಗೆಯಲ್ಲಿ ಮೂರು ಡೆಕ್‌ಗಳೂ ಇಬ್ಬರು ಆಡುವ ಹಲಗೆಯೂ ಇರುವುದರಿಂದ ಅಣ್ಣ-ತಂಗಿ ಇರುವ ಮನೆಗೆ ಅನುಕೂಲ. ಕಾರ್ಡಿನ ಸೂಚನೆಗಳು ಕನ್ನಡದಲ್ಲಿ ಲಭ್ಯವಿಲ್ಲ. ಕನ್ನಡ ಮಾಧ್ಯಮದ ಚಿಕ್ಕ ಮಗುವಾದರೆ ಹಿರಿಯರೊಬ್ಬರು ಜೊತೆಗೆ ಕುಳಿತು ಓದಿ ಹೇಳಬೇಕಾಗುತ್ತದೆ. ಜಪಾನಿ ಅಥವಾ ಕೊರಿಯನ್ ಭಾಷೆಯ ಪೊಟ್ಟಣಗಳು ಅಸಲಿಯೇ ಆಗಿದ್ದರೂ ಆಟಕ್ಕಿಂತ ಸಂಗ್ರಹಕ್ಕೇ ತಕ್ಕವು.

ನಕಲಿಯ ಗುರುತು

ಈ ಕಾರ್ಡುಗಳ ವಿಶೇಷ ಮಳಿಗೆಗಳು ಹೈದರಾಬಾದ್, ಬೆಂಗಳೂರಿನಂತಹ ಮಹಾನಗರಗಳಲ್ಲೇ ಹೆಚ್ಚು. ಗಡಿಭಾಗದ ಪಟ್ಟಣಗಳವರು ಜಾತ್ರೆಯ ಆಟಿಕೆ ಅಂಗಡಿ ಅಥವಾ ಅಂತರ್ಜಾಲವನ್ನು ನೆಚ್ಚಿಕೊಂಡಾಗ ಎಚ್ಚರ ಅಗತ್ಯ. ಡಬ್ಬಿಯೊಳಗಿನ ಎಲ್ಲ ಕಾರ್ಡುಗಳೂ ಚಿನ್ನದ ಬಣ್ಣದಲ್ಲಿ ಥಳಥಳಿಸುತ್ತಿದ್ದರೆ ಅದು ನಕಲಿ ಎಂದೇ ತಿಳಿಯಬಹುದು. ಅಸಲಿ ಪೊಟ್ಟಣದಲ್ಲಿ ಹೊಳೆಯುವ ಕಾರ್ಡುಗಳು ಬೆರಳೆಣಿಕೆಯಷ್ಟೇ. ಅಕ್ಷರದೋಷ, ಮಸುಕಾದ ಅಚ್ಚು, ಹಿಂಬದಿಯ ನೀಲಿ ಬಣ್ಣದಲ್ಲಿ ವ್ಯತ್ಯಾಸ, ಅತಿ ತೆಳುವಾದ ಕಾಗದ ಇವು ಇತರ ಲಕ್ಷಣಗಳು. ಅಸಲಿ ಕಾರ್ಡಿನ ಅಳತೆ 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ. ಮನೆಯಲ್ಲಿರುವ ಅಸಲಿ ಕಾರ್ಡಿನೊಂದಿಗೆ ಬೆನ್ನಿಗೆ ಬೆನ್ನು ಹೋಲಿಸುವುದೇ ನಂಬಿಕೆಗೆ ಅರ್ಹವಾದ ಪರೀಕ್ಷೆ. ಐದು ವರ್ಷದ ಮಗು ಆಡಿ ಹರಿದು ಹಾಕಲಿ ಎಂದು ತಿಳಿದೇ ಅಗ್ಗದ ನಕಲು ಕೊಳ್ಳುವವರಿದ್ದಾರೆ. ಅದಕ್ಕೆ ಅಸಲಿಯ ಬೆಲೆ ತೆರುವುದು ಮಾತ್ರ ಸಲ್ಲದು.

ಆಮದಾದ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ ಹಾಗೂ ಗರಿಷ್ಠ ಮಾರಾಟ ಬೆಲೆ ನಮೂದಿಸುವುದು ಕಡ್ಡಾಯ. ಅಂತರ್ಜಾಲದ ಮಾರಾಟಗಾರನು ನಕಲಿ ಸರಕನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ ಎಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ವಿವಾದವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ನೀಡಬಹುದಾದ್ದರಿಂದ ಈ ಎರಡೂ ತಾಲ್ಲೂಕಿನವರು ಬೀದರ್‌ನಲ್ಲೇ ದಾವೆ ಹೂಡಲು ಅವಕಾಶವಿದೆ, ರೂ. 5 ಲಕ್ಷದೊಳಗಿನ ಖರೀದಿಗೆ ಶುಲ್ಕವಿಲ್ಲ. ಇದಕ್ಕೆಲ್ಲ ರಸೀದಿ ಇರಬೇಕು, ಪೊಟ್ಟಣ ಒಡೆಯುವಾಗ ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಂಡರೆ ಇನ್ನೂ ಒಳಿತು.

ಕಾರ್ಡು ಮುಂದೆ ಲಕ್ಷಾಂತರ ಬೆಲೆ ಬಾಳುತ್ತದೆಂಬ ಮಾತಿಗೆ ಮರುಳಾಗುವುದು ಬೇಡ. 1952ರ ಟಾಪ್ಸ್ ಸರಣಿಯ ಮಿಕ್ಕಿ ಮ್ಯಾಂಟಲ್ ಬೇಸ್‌ಬಾಲ್ ಕಾರ್ಡು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾದದ್ದು ನಿಜ. ಏಳು ದಶಕ ಕಲೆ-ಮಡಿಕೆಯಿಲ್ಲದೆ ಉಳಿದ ಅಪರೂಪದ ಪ್ರತಿ ಅದು. ಮೂಲೆ ಮುರುಟಿದ ಕಾರ್ಡಿಗೆ ಬೆಲೆ ಕುಸಿಯುತ್ತದೆ. ಹೀಗಾಗಿ ಕಾರ್ಡಿನ ಜೊತೆ ಪ್ಲಾಸ್ಟಿಕ್ ಸ್ಲೀವ್‌ಗಳ ಕಟ್ಟು, ಜೇಬುಹಾಳೆಗಳ ಕಡತ ಕೊಡುವುದು ಜಾಣತನ. ಯಾವ ಸರಣಿಯೆಂದು ತಿಳಿಯದಿದ್ದಾಗ ಕಡತವೊಂದನ್ನೇ ಕೊಟ್ಟರೂ ಬಳಕೆಗೆ ಬರುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಬಿಟ್ಟರೆ ಕಾರ್ಡು ಬಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ದೊಡ್ಡವರಿಗೆ ಕೊಡುವುದಾದರೆ ನಾಡಿನದೇ ಆದ ಮೈಸೂರು ಗಂಜೀಫಾ ಇದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಎಲೆಗಳಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯ ದೊರೆತಿತ್ತು. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳಿರುತ್ತವೆ. ಕೈಯಿಂದ ಬರೆದ ಪೂರ್ಣ ಕಟ್ಟು ದುಬಾರಿಯಾದೀತು. ಚೌಕಟ್ಟು ಹಾಕಿಸಿದ ಒಂದೆರಡು ಎಲೆಗಳನ್ನು ಕೊಟ್ಟರೂ ಸಾಕು.